ಹೊಸ ಕಂಪ್ಯೂಟರಿಗೆ ಯಾವ ಸಾಫ್ಟ್‌ವೇರ್, ಯಾವ ಕ್ರಮದಲ್ಲಿ? ಸಣ್ಣ ಕಚೇರಿಗೊಂದು ಸಮಗ್ರ ಮಾರ್ಗದರ್ಶಿ

ಹೊಸ ಕಂಪ್ಯೂಟರ್ ಬಂದು ತಿಂಗಳು ತುಂಬಿರುವುದಿಲ್ಲ, ಅಷ್ಟರಲ್ಲೇ ತಕರಾರು ಶುರು. ಜಿಎಸ್‌ಟಿ ರಿಟರ್ನ್‌ನ ಕೊನೆಯ ದಿನವೇ ಡಿಜಿಟಲ್ ಸಹಿಯ ಟೋಕನ್ (ಸಹಿಯನ್ನು ಒಳಗಿಟ್ಟುಕೊಂಡ, ಪೆನ್‌ಡ್ರೈವಿನಂಥ ಸಾಧನ) ಕಾಣಿಸುವುದಿಲ್ಲ. ಹಳೆಯ ಕನ್ನಡ ಫೈಲ್ ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಕೂತಿರುತ್ತವೆ. ಬಿಲ್ಲಿನ ದಿನಾಂಕದಲ್ಲಿ ಏಪ್ರಿಲ್ ಹೋಗಿ ಮಾರ್ಚ್ ಆಗಿರುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಣ್ಣ ಕಚೇರಿ, ಅಂಗಡಿಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಇವೇ ತೊಂದರೆಗಳು. ಬಹುಪಾಲು ಇವು ಹುಟ್ಟುವುದು ಸಾಫ್ಟ್‌ವೇರ್ ಹಾಕಿದ ಕ್ರಮ ತಪ್ಪಿದ್ದರಿಂದ, ಬೇಡದ್ದನ್ನು ತುಂಬಿಕೊಂಡದ್ದರಿಂದ. ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡದೆ ಇದೇ ಸಾಲಿನಲ್ಲಿ ಮುಗಿಸಿ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದ್ದು

ಅರ್ಧ ದಿನದ ಬಿಡುವು, 32 ಜಿಬಿಯ ಖಾಲಿ ಪೆನ್‌ಡ್ರೈವ್ ಒಂದು, 1 ಟಿಬಿಯ ಹೊರಗಿನ ಹಾರ್ಡ್‌ಡಿಸ್ಕ್ ಒಂದು (ಎರಡಿದ್ದರೆ ಇನ್ನೂ ಒಳ್ಳೆಯದು), ಒಂದು ನೋಟ್‌ಬುಕ್, ಕಡಿಯದ ಇಂಟರ್ನೆಟ್. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ವಿಂಡೋಸ್ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೆ ಯಂತ್ರ ಏಳದೆ ಕೂರಬಹುದು. ಗುಡುಗು-ಸಿಡಿಲಿನ ಮಳೆಯ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ ಅದನ್ನು ಕನಿಷ್ಠ ಒಂದು ತಿಂಗಳು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಏಕೆಂದು 8ನೇ ಹಂತದಲ್ಲಿ ತಿಳಿಯುತ್ತದೆ.

1. ಮೊದಲು ಕೆಲಸದ ಪಟ್ಟಿ, ಆಮೇಲೆ ಸಾಫ್ಟ್‌ವೇರಿನ ಪಟ್ಟಿ

ನೋಟ್‌ಬುಕ್ಕಿನ ಒಂದು ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ವಾರದಲ್ಲಿ ನೀವು ಮಾಡುವ ಕೆಲಸ, ಬಲಕ್ಕೆ ಆ ಕೆಲಸ ಯಾರ ಕೈಗೆ, ಯಾವ ರೂಪದಲ್ಲಿ ಹೋಗಬೇಕು ಎಂಬುದು.

ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಗೆ ಟ್ಯಾಲಿ, ಇ-ವೇ ಬಿಲ್, ಬ್ಯಾಂಕು, ವಾಟ್ಸ್‌ಆ್ಯಪ್ ಸಾಕು. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೆಲಸ ಮಾಡುವ ವಕೀಲರಿಗೆ ಟೈಪಿಂಗಿಗಿಂತ ಸ್ಕ್ಯಾನ್ ಮತ್ತು ಪಿಡಿಎಫ್ ಮುಖ್ಯ. ಗದಗ-ಬೆಟಗೇರಿಯ ಮುದ್ರಣಾಲಯಕ್ಕೆ ಫಾಂಟಿನದೇ ಚಿಂತೆ. ಹಾವೇರಿ, ರಾಣೆಬೆನ್ನೂರಿನ ಆನ್‌ಲೈನ್ ಸೆಂಟರಿಗೆ ಬೆರಳಚ್ಚು ಯಂತ್ರ, ಪ್ರಿಂಟರ್ ಮತ್ತು ಸೇವಾ ಸಿಂಧು ಸರಾಗವಾಗಿ ತೆರೆಯುವ ಬ್ರೌಸರ್ ಬೇಕು. ನಾಲ್ಕೂ ಕಡೆ ಒಂದೇ ಬಗೆಯ ಮೂವತ್ತು ಸಾಫ್ಟ್‌ವೇರ್ ಹಾಕಿಸುವುದು ದಂಡ.

ಎಡಗಡೆ ಯಾವ ಕೆಲಸವೂ ಇಲ್ಲದ ಸಾಫ್ಟ್‌ವೇರನ್ನು ಹಾಕಬೇಡಿ. ಮುಂದೆಂದಾದರೂ ಬೇಕಾದರೆ ಹತ್ತು ನಿಮಿಷದಲ್ಲಿ ಹಾಕಿಕೊಳ್ಳಬಹುದು.

ಅಂಗಡಿಯವರು ಎಲ್ಲ ಲೋಡ್ ಮಾಡಿಕೊಡುತ್ತೇವೆ ಎಂದಾಗ ಲೈಸೆನ್ಸ್ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಹಾಕುವ ಮುನ್ನ ಆ್ಯಂಟಿವೈರಸ್ ಬಂದ್ ಮಾಡಬೇಕು ಎಂದರೆ ಅಲ್ಲೇ ಕೈ ಬಿಡಿ. ಕದ್ದ ವಿಂಡೋಸ್, ಕದ್ದ ಆಫೀಸ್‌ಗಳನ್ನು ಚಾಲೂ ಮಾಡುವ ಸಲಕರಣೆಗಳು ಕೇಳುವುದೇ ಅದನ್ನು. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್‌ಗಳು ಒಳಬರುವ ದೊಡ್ಡ ಬಾಗಿಲು ಕೂಡ ಅದೇ.

2. ಯಂತ್ರದ ಪರೀಕ್ಷೆ ಮತ್ತು ಅಪ್‌ಡೇಟ್

'ಸೆಟ್ಟಿಂಗ್ಸ್' → 'ಸಿಸ್ಟಮ್' → 'ಅಬೌಟ್' ತೆರೆಯಿರಿ. ರ‍್ಯಾಮ್ 8 ಜಿಬಿಗಿಂತ ಕಡಿಮೆ ಇದ್ದರೆ ಕಚೇರಿ ಕೆಲಸ ಏದುಸಿರು ಬಿಡುತ್ತದೆ. 16 ಇದ್ದರೆ ನೆಮ್ಮದಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್' ನೋಡಿ. ಡಿಸ್ಕ್ ಎಂಬಲ್ಲಿ ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಎಂದಿರಬೇಕು. ಎಚ್‌ಡಿಡಿ ಎಂದಿದ್ದರೆ ಬೇರೆ ಯಾವ ಖರ್ಚಿಗೂ ಮುನ್ನ ಎಸ್‌ಎಸ್‌ಡಿ ಹಾಕಿಸಿ.

'ಆ್ಯಕ್ಟಿವೇಷನ್' ಪುಟದಲ್ಲಿ 'ಆ್ಯಕ್ಟಿವ್' ಎಂದಿದೆಯೇ ನೋಡಿ. ಸೆಕೆಂಡ್ ಹ್ಯಾಂಡ್ ಯಂತ್ರವಾದರೆ ಇನ್ನೊಂದು ಪ್ರಶ್ನೆ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇರಬೇಕು. ಪ್ರೊಸೆಸರ್ ಇಂಟೆಲ್ ಆದರೆ ಸುಮಾರಾಗಿ 8ನೇ ತಲೆಮಾರಿನಿಂದ ಮೇಲಿನದು. ಹಣ ಕೊಡುವ ಮುನ್ನವೇ ಇದನ್ನು ನೋಡಿಕೊಳ್ಳಿ.

ಆಮೇಲೆ 'ವಿಂಡೋಸ್ ಅಪ್‌ಡೇಟ್'. ಒಮ್ಮೆ ಒತ್ತಿದರೆ ಮುಗಿಯಲಿಲ್ಲ. ರೀಸ್ಟಾರ್ಟ್, ಮತ್ತೆ ಹುಡುಕಾಟ, ಮತ್ತೆ ರೀಸ್ಟಾರ್ಟ್. ಬಾಕಿ ಏನೂ ಇಲ್ಲ ಎಂದು ಅದೇ ಹೇಳುವ ತನಕ ಬಿಡಬೇಡಿ. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ 'ಆಪ್ಷನಲ್ ಅಪ್‌ಡೇಟ್ಸ್' ಇದೆ; ಡ್ರೈವರ್‌ಗಳು ಅಲ್ಲಿ ಅಡಗಿರುತ್ತವೆ. ಕೊನೆಗೆ 'ಡಿವೈಸ್ ಮ್ಯಾನೇಜರ್' ತೆರೆದು ಹಳದಿ ತ್ರಿಕೋನ ಎಲ್ಲಾದರೂ ಇದೆಯೇ ನೋಡಿ. ಇದ್ದರೆ ಆ ಭಾಗದ ಡ್ರೈವರನ್ನು ಕಂಪ್ಯೂಟರ್ ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. 'ಡ್ರೈವರ್ ಅಪ್‌ಡೇಟರ್' ಎಂಬ ಹೆಸರಿನ ಬಿಟ್ಟಿ ಪ್ರೋಗ್ರಾಮ್‌ಗಳ ಸಹವಾಸ ಬೇಡ.

3. ದಿನಾಂಕ, ಪ್ರದೇಶ, ಖಾತೆ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. 'ಟೈಮ್ ಅಂಡ್ ಲ್ಯಾಂಗ್ವೇಜ್' → 'ಲ್ಯಾಂಗ್ವೇಜ್ ಅಂಡ್ ರೀಜನ್' ಒಳಗೆ 'ರೀಜನಲ್ ಫಾರ್ಮ್ಯಾಟ್' 'ಇಂಗ್ಲಿಷ್ (ಇಂಡಿಯಾ)' ಆಗಿರಲಿ. ಅಮೆರಿಕದ್ದು ಉಳಿದುಕೊಂಡಿದ್ದರೆ ಎಕ್ಸೆಲ್‌ನಲ್ಲಿ ನೀವು 3/4 ಎಂದು ಹೊಡೆದ ಏಪ್ರಿಲ್ 3, ಮಾರ್ಚ್ 4 ಆಗಿ ಕೂರುತ್ತದೆ. 13ನೇ ತಾರೀಖಿನಿಂದ ಮುಂದಿನವು ದಿನಾಂಕವೆಂದೇ ಲೆಕ್ಕಕ್ಕೆ ಬರದೆ ಬರೀ ಪಠ್ಯವಾಗಿ ಎಡಕ್ಕೆ ಸರಿಯುತ್ತವೆ. ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಅದೇ ಎಚ್ಚರಿಕೆಯ ಗಂಟೆ. ಲಕ್ಷ, ಕೋಟಿಗೆ ಅಲ್ಪವಿರಾಮ ಸರಿಯಾದ ಜಾಗದಲ್ಲಿ ಬೀಳುವುದೂ ಇದೇ ಆಯ್ಕೆಯಿಂದ. ಕೀಲಿಮಣೆಯೂ ಇಂಗ್ಲಿಷ್ (ಇಂಡಿಯಾ) ಆಗಿದ್ದರೆ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ₹ ಬರುತ್ತದೆ.

ಖಾತೆ ಎರಡಿರಲಿ. ಒಂದು ಅಡ್ಮಿನಿಸ್ಟ್ರೇಟರ್, ಅದರ ಪಾಸ್‌ವರ್ಡ್ ಮಾಲೀಕರ ಹತ್ತಿರ. ಇನ್ನೊಂದು ಸ್ಟ್ಯಾಂಡರ್ಡ್, ದಿನದ ಕೆಲಸಕ್ಕೆ. ಕೆಲಸದ ಹುಡುಗ ತಪ್ಪಿ ಏನನ್ನೋ ಒತ್ತಿದರೂ ಹೊಸ ಪ್ರೋಗ್ರಾಮ್ ಒಳಬರುವ ಮುನ್ನ ಮಾಲೀಕರ ಪಾಸ್‌ವರ್ಡ್ ಕೇಳುತ್ತದೆ.

ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರಬಹುದು). ಒಳ್ಳೆಯದೇ. ಆದರೆ ಮದರ್‌ಬೋರ್ಡ್ ಬದಲಿಸಿದರೆ, ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ಏಳುವ ಯಂತ್ರದ ಮೂಲ ಸೆಟ್ಟಿಂಗ್) ಕೈಯಾಡಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಒಳಗಿನ ಲೆಕ್ಕಪತ್ರ ಯಾರಿಂದಲೂ ತೆಗೆಯಲಾಗದು. ಇಂದೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಹುಡುಕಿ, ಪ್ರಿಂಟ್ ತೆಗೆದು ತಿಜೋರಿಯಲ್ಲಿಡಿ.

4. ಬೇಡದ್ದನ್ನು ತೆಗೆಯುವುದು, ಕಾವಲು ಇಡುವುದು

ಹೊಸ ಲ್ಯಾಪ್‌ಟಾಪಿನ ಜೊತೆ 30 ದಿನದ ಆ್ಯಂಟಿವೈರಸ್ ಬಂದಿದ್ದರೆ ಎರಡೇ ದಾರಿ: ಹಣ ಕೊಟ್ಟು ಮುಂದುವರಿಸಿ, ಇಲ್ಲವೇ ಈಗಲೇ ತೆಗೆಯಿರಿ. ಅದು ಇರುವ ತನಕ ವಿಂಡೋಸಿನ ಸ್ವಂತ ಡಿಫೆಂಡರ್ ಹಿಂದೆ ಸರಿದಿರುತ್ತದೆ. ಅವಧಿ ಮುಗಿದದ್ದನ್ನು ಹಾಗೇ ಬಿಟ್ಟರೆ ಕಾವಲು ತೆಳುವಾಗುತ್ತದೆ. ಎರಡು ಆ್ಯಂಟಿವೈರಸ್ ಒಟ್ಟಿಗೆ ಹಾಕುವುದಂತೂ ಯಂತ್ರವನ್ನು ಕುಂಟಿಸುವ ಖಾತ್ರಿಯ ದಾರಿ. ಹೊತ್ತುಹೊತ್ತಿಗೆ ಅಪ್‌ಡೇಟ್ ಆಗುವ ಡಿಫೆಂಡರ್ ಸಣ್ಣ ಕಚೇರಿಗೆ ಸಾಕು.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ 'ವ್ಯೂ' → 'ಶೋ' → 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಚಾಲೂ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ 'ಇನ್‌ವಾಯ್ಸ್ ಪಿಡಿಎಫ್' ಎಂಬ ಫೈಲಿನ ಕೊನೆಯಲ್ಲಿ ಇಎಕ್ಸ್‌ಇ ಎಂದಿದ್ದರೆ ಅದು ಬಿಲ್ಲಲ್ಲ, ಪ್ರೋಗ್ರಾಮ್. ಈ ಒಂದು ಆಯ್ಕೆ ಇಲ್ಲದೆ ಅದು ಕಣ್ಣಿಗೆ ಬೀಳುವುದಿಲ್ಲ.

ಟಾಸ್ಕ್ ಮ್ಯಾನೇಜರ್‌ನ 'ಸ್ಟಾರ್ಟಪ್ ಆ್ಯಪ್ಸ್' ಒಳಗೆ ಹೋಗಿ, ಯಂತ್ರ ಏಳುವಾಗಲೇ ಏಳಬೇಕಿಲ್ಲದ್ದನ್ನೆಲ್ಲ 'ಡಿಸೇಬಲ್' ಮಾಡಿ.

5. ಬ್ಯಾಕಪ್: ಲೆಕ್ಕ ಬರೆಯುವ ಮೊದಲೇ

ಬ್ಯಾಕಪ್ಪನ್ನು ಕೊನೆಗೆ ಇಟ್ಟವರು ಮಾಡುವುದೇ ಇಲ್ಲ. ಅದಕ್ಕೇ ಇಲ್ಲಿಗೆ ತಂದಿದೆ. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಅಂಗಡಿ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದಲ್ಲಿ ಇದ್ದರೆ ಹೊರಗಿನ ಹಾರ್ಡ್‌ಡಿಸ್ಕ್ ಎರಡರಲ್ಲಿ ಒಂದು ಸದಾ ಮನೆಯಲ್ಲಿರಲಿ. ವಾರಕ್ಕೊಮ್ಮೆ ಅದಲು ಬದಲು ಮಾಡಿ. ಹಾರ್ಡ್‌ಡಿಸ್ಕನ್ನು ಹಗಲೂ ರಾತ್ರಿ ಚುಚ್ಚಿಟ್ಟಿರಬೇಡಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ದಿನದ ದಾಖಲೆಗೆ ಕಂಟ್ರೋಲ್ ಪ್ಯಾನೆಲ್‌ನ 'ಫೈಲ್ ಹಿಸ್ಟರಿ' ಸಾಕು. ಮೋಡದ (ಕ್ಲೌಡ್, ಅಂದರೆ ಇಂಟರ್ನೆಟ್‌ನಲ್ಲಿನ) ಜಾಗ ಬೇಕಿದ್ದರೆ ಗೂಗಲ್ ಬಿಟ್ಟಿಯಾಗಿ 15 ಜಿಬಿ ಕೊಡುತ್ತದೆ, ಒನ್‌ಡ್ರೈವ್ 5 ಜಿಬಿ. ಒನ್‌ಡ್ರೈವ್ ನಿಮ್ಮ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ತನ್ನೊಳಗೆ ಎಳೆದುಕೊಂಡಿದೆಯೇ ನೋಡಿ. ಆ 5 ಜಿಬಿ ತುಂಬಿದ ಮೇಲೆ ಹೊಸ ಫೈಲ್‌ಗಳು ಮೇಲೇರುವುದು ನಿಲ್ಲುತ್ತದೆ, ನೀವು ಮಾತ್ರ ಬ್ಯಾಕಪ್ ಇದೆ ಎಂದುಕೊಂಡಿರುತ್ತೀರಿ. ಟ್ಯಾಲಿಯ ಡೇಟಾ ಫೋಲ್ಡರನ್ನು ಒನ್‌ಡ್ರೈವ್‌ನಂಥ ಸಿಂಕ್ ಆಗುವ ಜಾಗದಲ್ಲಿ ಇಡಲೇಬೇಡಿ. ತೆರೆದಿರುವ ಫೈಲ್ ಅರ್ಧಂಬರ್ಧ ನಕಲಾಗಿ ಡೇಟಾ ಕೆಡುತ್ತದೆ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿ 'ಬ್ಯಾಕಪ್' ತೆಗೆದು, ಆ ಪ್ರತಿಯನ್ನು ಮೋಡಕ್ಕೆ ಹಾಕಿ.

6. ಕನ್ನಡ: ಯೂನಿಕೋಡ್ ಮೊದಲು, ಹಳೆಯ ಫಾಂಟ್ ಆಮೇಲೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ.

'ಲ್ಯಾಂಗ್ವೇಜ್ ಅಂಡ್ ರೀಜನ್'ನಲ್ಲಿ 'ಆ್ಯಡ್ ಎ ಲ್ಯಾಂಗ್ವೇಜ್' ಒತ್ತಿ ಕನ್ನಡ ಆರಿಸಿ. ಅಲ್ಲಿ ಪರದೆಯ ಭಾಷೆಯನ್ನೂ ಕನ್ನಡ ಮಾಡಲೇ ಎಂಬ ಗುರುತನ್ನು ಸದ್ಯಕ್ಕೆ ತೆಗೆಯಿರಿ. ದೂರವಾಣಿಯಲ್ಲಿ ಯಾರಾದರೂ ನಿಮಗೆ ಸಹಾಯ ಮಾಡುವಾಗ ಮೆನು ಹೆಸರುಗಳು ತಾಳೆಯಾಗುವುದಿಲ್ಲ. ಆಮೇಲೆ ಕನ್ನಡದ 'ಲ್ಯಾಂಗ್ವೇಜ್ ಆಪ್ಷನ್ಸ್' ಒಳಗೆ ಕೀಲಿಮಣೆ ಸೇರಿಸಿ. ವಿಂಡೋಸಿನಲ್ಲೇ ಎರಡಿವೆ: ಇನ್‌ಸ್ಕ್ರಿಪ್ಟ್ ಮಾದರಿ (ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ವಿನ್ಯಾಸ), ಫೋನೆಟಿಕ್ ಮಾದರಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕನ್ನಡ ಪಡೆಯುವ ರೂಢಿಯವರಿಗೆ ಫೋನೆಟಿಕ್ ಸುಲಭ. ವಿಂಡೋಸ್ ಗುಂಡಿ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಸರ್ಕಾರಿ ಕಚೇರಿಗಳ ಟೈಪಿಂಗ್ ಕಲಿತವರ ಬೆರಳು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ವಿನ್ಯಾಸಕ್ಕೆ ಒಗ್ಗಿರುತ್ತದೆ. ಅವರಿಗೆ ನುಡಿಯೇ ಸರಿ. ಆದರೆ ನುಡಿಯನ್ನು ಯೂನಿಕೋಡ್ ಆಯ್ಕೆಯಲ್ಲೇ ಬಳಸಿ. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಬರೆದದ್ದು ಒಳಗಿನಿಂದ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳ ಮೇಲೆ ಕನ್ನಡದ ಚಿತ್ರ ಹೊದಿಸಿದ್ದು. ಫಾಂಟ್ ಇಲ್ಲದ ಯಂತ್ರದಲ್ಲಿ ಆ ಹೊದಿಕೆ ಜಾರಿ, ಕೆಳಗಿನ ಗುರುತುಗಳ ಗೋಜಲು ಕಾಣಿಸುತ್ತದೆ. ಅಂಥ ಬರಹವನ್ನು ಹುಡುಕಲೂ ಆಗದು, ಸರ್ಕಾರಿ ಅರ್ಜಿಯ ಖಾನೆಯಲ್ಲಿ ಅಂಟಿಸಲೂ ಆಗದು. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವುದರಿಂದ ಫಾಂಟ್ ಬದಲಾದರೂ ಅಕ್ಷರ ಉಳಿಯುತ್ತದೆ.

ಫಾಂಟ್‌ಗಳ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು. ನಿರ್ಮಲಾ ಯುಐ ವಿಂಡೋಸ್ ಜೊತೆಗೇ ಬರುತ್ತದೆ. ತುಂಗಾ ಬೇಕೆಂದರೆ 'ಆಪ್ಷನಲ್ ಫೀಚರ್ಸ್' ಒಳಗೆ ಕನ್ನಡದ ಹೆಚ್ಚುವರಿ ಫಾಂಟ್‌ಗಳೆಂದು ಇರುತ್ತದೆ. ಇವೆರಡರ ಜೊತೆ ಗೂಗಲ್‌ನ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಹಾಕಿದರೆ ಪತ್ರ, ಅರ್ಜಿ, ವರದಿ ಎಲ್ಲಕ್ಕೂ ಸಾಕು. ಐನೂರು ಫಾಂಟಿನ ಸಿಡಿ ಹಾಕಿಕೊಂಡ ಯಂತ್ರದಲ್ಲಿ ವರ್ಡ್ ತೆರೆಯುವುದೇ ತಡವಾಗುತ್ತದೆ.

ಹಳೆಯ ಫೈಲ್‌ಗಳಿದ್ದರೆ ಮೂಲವನ್ನು ಮುಟ್ಟದೆ ನಕಲು ಮಾಡಿ, ನಕಲನ್ನು ಪರಿವರ್ತಕದಲ್ಲಿ (ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್ ಮಾಡುವ ಪ್ರೋಗ್ರಾಮ್) ಹಾಕಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ರ-ವತ್ತು, ದೀರ್ಘಗಳ ಮೇಲೆ ಕಣ್ಣಿಡಿ; ತಪ್ಪು ಅಡಗುವುದು ಅಲ್ಲೇ. ಎರಡು ಅಂಕಣದ ಪುಟ, ಕೋಷ್ಟಕ, ನಡುವೆ ಇಂಗ್ಲಿಷ್ ಇರುವ ಸಾಲುಗಳನ್ನು ಕೈಯಿಂದಲೇ ತಿದ್ದಬೇಕಾಗುತ್ತದೆ. ಇಂಗ್ಲಿಷ್ ಪದಗಳೂ ಪರಿವರ್ತನೆಗೆ ಸಿಕ್ಕಿ ವಿಚಿತ್ರ ಕನ್ನಡವಾಗಿರುತ್ತವೆ.

ಪರೀಕ್ಷೆಗೆ ಈ ಸಾಲು ಟೈಪ್ ಮಾಡಿ: 'ಸೂರ್ಯ, ಧರ್ಮ, ಬ್ಯಾಡಗಿ, ಲಕ್ಷ್ಮೇಶ್ವರ, ಸಾಫ್ಟ್‌ವೇರ್'. ಲಕ್ಷ್ಮೇಶ್ವರದ ಒತ್ತಕ್ಷರ ಒಡೆದರೆ ಆ ಸಾಫ್ಟ್‌ವೇರಿಗೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದರ್ಥ. ಅದೇ ಸಾಲನ್ನು ಪಿಡಿಎಫ್ ಮಾಡಿ, ಪ್ರಿಂಟ್ ತೆಗೆದು, ಫೋನಿಗೂ ಕಳಿಸಿ ನೋಡಿ. ವರ್ಡ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಬದಲಾಗದಿದ್ದರೆ ಕಂಟ್ರೋಲ್ ಜೊತೆ ಡಿ ಒತ್ತಿ, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂಬ ಕೆಳಗಿನ ಖಾನೆಯಲ್ಲಿ ಬದಲಿಸಿ. ಲಿಬ್ರೆ ಆಫೀಸ್‌ನಲ್ಲಿ ಇದನ್ನೇ 'ಸಿಟಿಎಲ್' ಎನ್ನುತ್ತಾರೆ.

ಮುದ್ರಣಕ್ಕೆ ಕೊಡುವವರು ಮುದ್ರಣಾಲಯದಲ್ಲಿ ಯಾವ ಸಾಫ್ಟ್‌ವೇರ್ ಎಂದು ಮೊದಲೇ ಕೇಳಿ. ಪೇಜ್‌ಮೇಕರ್ ಆದರೆ ಯೂನಿಕೋಡ್ ಕನ್ನಡ ಅಲ್ಲಿ ನಡೆಯದು, ಹಳೆಯ ಫಾಂಟೇ ಗತಿ. ಇನ್‌ಡಿಸೈನ್ ಆದರೆ ಯೂನಿಕೋಡ್ ನಡೆಯುತ್ತದೆ, ಆದರೆ 'ವರ್ಲ್ಡ್-ರೆಡಿ ಕಂಪೋಸರ್' ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಇದ್ದದ್ದು ಇದ್ದಂತೆ ಅಚ್ಚಾಗಬೇಕಾದರೆ ಪಿಡಿಎಫ್ ಕೊಡಿ.

7. ಆಫೀಸ್, ಪಿಡಿಎಫ್, ಬ್ರೌಸರ್

ಪತ್ರ, ಸಣ್ಣ ಲೆಕ್ಕ, ಪ್ರಶ್ನೆಪತ್ರಿಕೆ ಇಷ್ಟೇ ಕೆಲಸವಾದರೆ ಬಿಟ್ಟಿ ಸಿಗುವ ಲಿಬ್ರೆ ಆಫೀಸ್ ಸಾಕು. ತೆರಿಗೆ ಕೆಲಸದವರಿಗೆ ಮಾತ್ರ ನಿಜವಾದ ಎಕ್ಸೆಲ್ ಬೇಕು. ಜಿಎಸ್‌ಟಿಯ ಎಕ್ಸೆಲ್ ಆಧಾರಿತ ಆಫ್‌ಲೈನ್ ಸಲಕರಣೆಗಳು ಮ್ಯಾಕ್ರೋಗಳ (ಫೈಲಿನೊಳಗೇ ಇರುವ ಸಣ್ಣ ಪ್ರೋಗ್ರಾಮ್‌ಗಳು) ಮೇಲೆ ನಡೆಯುತ್ತವೆ, ಲಿಬ್ರೆಯಲ್ಲಿ ಅವು ಸರಿಯಾಗಿ ಓಡುವುದಿಲ್ಲ. ಎಕ್ಸೆಲ್ ಇದ್ದೂ ಮ್ಯಾಕ್ರೋ ತಡೆಯಲಾಗಿದೆ ಎಂಬ ಕೆಂಪು ಪಟ್ಟಿ ಬಂದರೆ, ಫೈಲ್ ಮುಚ್ಚಿ, ಅದರ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', ಕೆಳಗೆ 'ಅನ್‌ಬ್ಲಾಕ್'. ಇದು ಸರ್ಕಾರಿ ಪೋರ್ಟಲಿನಿಂದ ನೀವೇ ಇಳಿಸಿದ ಫೈಲಿಗೆ ಮಾತ್ರ. ಮೇಲ್‌ನಲ್ಲಿ ಬಂದ ಎಕ್ಸೆಲ್‌ಗೆ ಎಂದೂ ಬೇಡ. ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ಮೊದಲ ವಾರದಲ್ಲೇ ಚಾಲೂ ಮಾಡಿ, ಯಾವ ಮೇಲ್ ಖಾತೆಗೆ ಕಟ್ಟಿದ್ದೀರಿ ಎಂದು ಬರೆದಿಡಿ.

ಪಿಡಿಎಫ್ ಓದಲು ಎಡ್ಜ್ ಸಾಕು. ಡಿಜಿಟಲ್ ಸಹಿ ಇರುವ ಪತ್ರಗಳಿಗೆ ಅಡೋಬಿ ರೀಡರ್ ಬೇಕು. ಹಾಕುವಾಗ ಜೊತೆಗೆ ಬರುವ ಹೆಚ್ಚುವರಿ ಸಾಫ್ಟ್‌ವೇರ್‌ಗಳ ಗುರುತು ತೆಗೆಯಿರಿ. ಇ-ಆಧಾರ್ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಪತ್ರ ಸುಳ್ಳೆಂದಲ್ಲ, ಸಹಿಯ ಪ್ರಮಾಣಪತ್ರವನ್ನು ನಿಮ್ಮ ಯಂತ್ರ ಇನ್ನೂ ನಂಬಿಲ್ಲ ಎಂದರ್ಥ. ಸಹಿಯ ಮೇಲೆ ರೈಟ್ ಕ್ಲಿಕ್ ಮಾಡಿ ಸಿಗ್ನೇಚರ್ ಪ್ರಾಪರ್ಟೀಸ್‌ನಲ್ಲಿ ಸಹಿದಾರರ ಪ್ರಮಾಣಪತ್ರ ತೆರೆದು, 'ಟ್ರಸ್ಟ್' ಒಳಗೆ ಸೇರಿಸಿದರೆ ಹಸಿರಾಗುತ್ತದೆ. ಇದನ್ನೂ ಪತ್ರ ಅಧಿಕೃತ ಜಾಲತಾಣದಿಂದ ಬಂದದ್ದಾಗಿದ್ದರೆ ಮಾತ್ರ ಮಾಡಿ.

ಪುಟ ಜೋಡಿಸಲು, ಬಿಡಿಸಲು ಪಿಡಿಎಫ್24 ಕ್ರಿಯೇಟರ್ ಅಥವಾ ಪಿಡಿಎಫ್‌ಸ್ಯಾಮ್ ಬೇಸಿಕ್ ಹಾಕಿ. ಎರಡೂ ಯಂತ್ರದೊಳಗೇ ಕೆಲಸ ಮಾಡುತ್ತವೆ. ಕಕ್ಷಿದಾರರ ಪಹಣಿ, ಗಿರಾಕಿಯ ಆಧಾರ್ ಪ್ರತಿಗಳನ್ನು ಬಿಟ್ಟಿ ಜಾಲತಾಣಗಳಿಗೆ ಏರಿಸುವುದು ಅವರ ನಂಬಿಕೆಗೆ ಮಾಡುವ ದ್ರೋಹ. ಸ್ಕ್ಯಾನಿಗೆ ನ್ಯಾಪ್ಸ್2 ಚೆನ್ನಾಗಿದೆ. ಬರಹದ ಪುಟಗಳಿಗೆ 300 ಡಿಪಿಐ ಕಪ್ಪು-ಬಿಳುಪು ಇಟ್ಟರೆ ಫೈಲ್ ಹಗುರವಾಗಿ ಉಳಿಯುತ್ತದೆ.

ಬ್ರೌಸರ್ ಎರಡಿರಲಿ, ಕ್ರೋಮ್ ಮತ್ತು ಎಡ್ಜ್. ಒಂದರಲ್ಲಿ ತೆರೆಯದ ಪೋರ್ಟಲ್ ಇನ್ನೊಂದರಲ್ಲಿ ತೆರೆಯುವುದುಂಟು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕೆನ್ನುವ ಹಳೆಯ ತಾಣಗಳಿಗೆ ಎಡ್ಜ್‌ನ 'ಐಇ ಮೋಡ್' ಇದೆ. ಹಾಗೆ ಸೇರಿಸಿದ ವಿಳಾಸ 30 ದಿನಕ್ಕೆ ಮುಗಿಯುತ್ತದೆ, ಮತ್ತೆ ಸೇರಿಸಬೇಕು. ಪಾಸ್‌ವರ್ಡುಗಳು ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಕಾಯುವ ಸಾಫ್ಟ್‌ವೇರಿನೊಳಗಿರಲಿ, ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ ಬೇಡ.

8. ವೃತ್ತಿಯ ಸಾಫ್ಟ್‌ವೇರ್: ಟೋಕನ್, ಟ್ಯಾಲಿ, ಬೆರಳಚ್ಚು

ಡಿಜಿಟಲ್ ಸಹಿಗೆ ಕ್ರಮ ಹೀಗೆ. ಟೋಕನ್ ಚುಚ್ಚಬೇಡಿ. ಮೊದಲು ಅದರ ಮೇಲಿರುವ ಹೆಸರು ನೋಡಿ, ಇಪಾಸ್, ಪ್ರಾಕ್ಸ್‌ಕೀ ಯಾವುದೋ, ಅದರದೇ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿ. ಈಗ ಟೋಕನ್ ಚುಚ್ಚಿ, ಅದರ ಮ್ಯಾನೇಜರ್‌ನಲ್ಲಿ ನಿಮ್ಮ ಹೆಸರು ಮತ್ತು ಅವಧಿ ಕಾಣುತ್ತದೆಯೇ ನೋಡಿ. ಆಮೇಲೆ ಪೋರ್ಟಲ್ ಕೇಳುವ ಎಮ್‌ಸೈನರ್ (ಟೋಕನ್ನಿನ ಸಹಿಯನ್ನು ಪೋರ್ಟಲಿಗೆ ತಲುಪಿಸುವ ಪ್ರೋಗ್ರಾಮ್) ಹಾಕಿ. ಜಿಎಸ್‌ಟಿಗೆ ಒಂದು, ಆದಾಯ ತೆರಿಗೆಗೆ ಇನ್ನೊಂದು, ಆಯಾ ಪೋರ್ಟಲಿನಿಂದಲೇ ಇಳಿಸಿ. ಅದನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮೂಲಕ ತೆರೆದು, ಕೊನೆಗೆ ಬ್ರೌಸರ್ ತೆರೆಯಿರಿ. ಮ್ಯಾನೇಜರ್‌ನಲ್ಲೇ ಹೆಸರು ಕಾಣದಿದ್ದರೆ ತಪ್ಪು ಡ್ರೈವರಿನದು. ಅಲ್ಲಿ ಕಂಡು ಪೋರ್ಟಲಿನಲ್ಲಿ ಕಾಣದಿದ್ದರೆ ಎಮ್‌ಸೈನರಿನದು.

ಪಿನ್ ಹಲವು ಸಲ ತಪ್ಪಿದರೆ ಟೋಕನ್ ಲಾಕ್ ಆಗುತ್ತದೆ. ಆಗ 'ಇನಿಷಿಯಲೈಸ್' ಎಂಬ ಗುಂಡಿ ಕಂಡರೂ ಒತ್ತಬೇಡಿ. ಪ್ರಮಾಣಪತ್ರವೇ ಅಳಿಸಿಹೋಗಿ ಮತ್ತೆ ಹಣ ಕಟ್ಟಬೇಕಾಗುತ್ತದೆ. ಟೋಕನ್ ಕೊಟ್ಟವರನ್ನೇ ಕೇಳಿ.

ಟ್ಯಾಲಿಪ್ರೈಮ್ ಲೈಸೆನ್ಸನ್ನು ಹಳೆಯ ಯಂತ್ರದಲ್ಲಿ 'ಸರೆಂಡರ್' ಮಾಡಿದ ಮೇಲೆ ಹೊಸದರಲ್ಲಿ ಚಾಲೂ ಮಾಡಬೇಕು. ಹಳೆಯ ಯಂತ್ರ ಫಾರ್ಮ್ಯಾಟ್ ಮಾಡಬೇಡಿ ಎಂದದ್ದು ಇದಕ್ಕೇ. ಸಾಮಾನ್ಯವಾಗಿ ಡೇಟಾ ಸಿ ಡ್ರೈವಿನ 'ಯೂಸರ್ಸ್' → 'ಪಬ್ಲಿಕ್' → 'ಟ್ಯಾಲಿಪ್ರೈಮ್' → 'ಡೇಟಾ' ಒಳಗಿರುತ್ತದೆ. ಹೊಸ ಆವೃತ್ತಿಗೆ ಏರಿಸಿದ ಡೇಟಾ ಹಳೆಯದರಲ್ಲಿ ತೆರೆಯದು, ಹಾಗಾಗಿ ಏರಿಸುವ ಮುನ್ನ ಒಂದು ಪ್ರತಿ ಪಕ್ಕಕ್ಕಿಡಿ.

ಬೆರಳಚ್ಚು ಯಂತ್ರ ಕೊಳ್ಳುವಾಗ ಆಧಾರ್ ದೃಢೀಕರಣಕ್ಕೆ ಒಪ್ಪಿತವಾದ ಎಲ್-1 ದರ್ಜೆಯದೆಂದು ಖಾತ್ರಿ ಮಾಡಿಕೊಳ್ಳಿ. ಕಂಪನಿಗೊಂದು ಆರ್‌ಡಿ ಸರ್ವೀಸ್ (ಯಂತ್ರವನ್ನು ಆಧಾರ್ ವ್ಯವಸ್ಥೆಗೆ ಜೋಡಿಸುವ ಸಾಫ್ಟ್‌ವೇರ್) ಇರುತ್ತದೆ. ಒಂದರದು ಇನ್ನೊಂದಕ್ಕೆ ನಡೆಯದು.

9. ಚಿಲ್ಲರೆ

ಜಿಪ್ ಫೈಲ್‌ಗೆ 7-ಜಿಪ್, ವಿಡಿಯೊಗೆ ವಿಎಲ್‌ಸಿ. ದೂರದಿಂದ ಸಹಾಯ ಪಡೆಯಲು ವಿಂಡೋಸಿನ 'ಕ್ವಿಕ್ ಅಸಿಸ್ಟ್' ಸಾಕು. ಬ್ಯಾಂಕಿನವರೆಂದು ಕರೆ ಮಾಡಿ ಎನಿಡೆಸ್ಕ್ (ದೂರದಿಂದಲೇ ನಿಮ್ಮ ಯಂತ್ರ ನಡೆಸಲು ಬಿಡುವ ಪ್ರೋಗ್ರಾಮ್) ಹಾಕಿರಿ ಎನ್ನುವವರು ವಂಚಕರು. ಹಣ ಹೋದರೆ ಒಂದು ಗಳಿಗೆಯೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

10. ಕೈಗೊಪ್ಪಿಸುವ ಮುನ್ನ

32 ಜಿಬಿ ಪೆನ್‌ಡ್ರೈವ್ ಚುಚ್ಚಿ, 'ಕ್ರಿಯೇಟ್ ಎ ರಿಕವರಿ ಡ್ರೈವ್' ಎಂದು ಹುಡುಕಿ ಓಡಿಸಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ತಾಸಿನ ಮೇಲೂ ಹಿಡಿಯಬಹುದು. ಅಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಹಾಕಿದ ಪ್ರತಿ ಸಾಫ್ಟ್‌ವೇರಿನ ಹೆಸರು, ಲೈಸೆನ್ಸ್ ಯಾವ ಖಾತೆಗೆ, ನವೀಕರಣದ ತಾರೀಖು ಬರೆಯಿರಿ.

ಆಮೇಲೆ ಸ್ಟ್ಯಾಂಡರ್ಡ್ ಖಾತೆಯಿಂದ ಒಳಹೋಗಿ 1ನೇ ಹಂತದ ಪಟ್ಟಿಯ ಪ್ರತಿ ಕೆಲಸವನ್ನೂ ಒಮ್ಮೆ ಮಾಡಿ ನೋಡಿ: ಒಂದು ಕನ್ನಡ ಪತ್ರದ ಪ್ರಿಂಟ್, ಒಂದು ಸ್ಕ್ಯಾನ್, ಟೋಕನ್ನಿನಿಂದ ಒಂದು ಲಾಗಿನ್. ಕೊನೆಗೆ ಒಂದು ಫೈಲನ್ನು ಬೇಕೆಂದೇ ಅಳಿಸಿ, ಬ್ಯಾಕಪ್ಪಿನಿಂದ ಮರಳಿ ತಂದು ತೆರೆಯಿರಿ. ಅದು ತೆರೆಯದಿದ್ದರೆ 5ನೇ ಹಂತಕ್ಕೆ ಹಿಂದಿರುಗಿ. ತೆರೆದರೆ ಯಂತ್ರವನ್ನು ನಾಳೆಯಿಂದ ಕೆಲಸಕ್ಕೆ ಹಚ್ಚಬಹುದು.